ರಿಜಿಸ್ಟರ್ ಆದದ್ದು ಪತ್ರ, ಸೈಟಲ್ಲ

ಪ್ರಶ್ನೆ: ನಮ್ಮಣ್ಣ ಕೆಲವು ವರ್ಷಗಳ ಹಿಂದೆ ಒಂದು ಸೈಟು ಕೊಂಡರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಯಿತು. ಈಗ ಮಾರಿದವರ ತಂಗಿ, ತನಗೂ ಪಾಲಿದೆ, ತನ್ನ ಸಹಿ ಇಲ್ಲದೆ ಮಾರಿದ್ದಾರೆ ಎಂದು ದಾವೆ ಹೂಡಿದ್ದಾರೆ. ಸರ್ಕಾರಿ ಕಚೇರಿಯಲ್ಲೇ ನೋಂದಣಿಯಾದ ಮೇಲೆ ಹೀಗೆ ಕೇಳಲು ಬರುತ್ತದೆಯೆ? ಹಾಗಾದರೆ ನೋಂದಣಿ ಎಂಬ ಮಾತಿಗೆ ಅರ್ಥವೇನು? ಇನ್ನೊಂದು ಸಣ್ಣ ಅನುಮಾನ: ಕೆಲವು ಕಡೆ ‘ನೊಂದಣಿ’ ಎಂದು ಬರೆದಿರುತ್ತದೆ. ಯಾವುದು ಸರಿ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಸಣ್ಣ ಅನುಮಾನವನ್ನು ಮೊದಲು ಮುಗಿಸೋಣ. ‘ನೋಂದಣಿ’ ಎಂಬುದೇ ಸರಿ, ‘ನೋ’ ದೀರ್ಘ. ‘ನೊಂದ’ ಎಂಬುದು ‘ನೋಯು’ ಎಂಬ ಕ್ರಿಯಾಪದದಿಂದ ಬಂದದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನೋಂದಣಿ ನಮಗೆ ಮರಾಠಿಯಿಂದ ಬಂದ ಮಾತು. ಆ ಭಾಷೆಯಲ್ಲಿ ‘ನೋಂದ್’ ಎಂದರೆ ಪುಸ್ತಕದಲ್ಲಿ ಬರೆದುಕೊಂಡ ಬಾಬತ್ತು. ಬರೆದುಕೊಳ್ಳುವ ಕೆಲಸ ನೋಂದಣಿ. ಕಂದಾಯದ ಮಾತುಗಳಲ್ಲಿ ಹಲವು ಹೀಗೆ ಬಂದವೇ. ಬೆಳಗಾವಿ, ವಿಜಯಪುರದ ಕಡೆ ಇವತ್ತಿಗೂ ಪಹಣಿಗೆ ಉತಾರ ಎನ್ನುತ್ತಾರೆ, ಕ್ರಯಪತ್ರಕ್ಕೆ ಖರೀದಿ ಪತ್ರ ಎನ್ನುತ್ತಾರೆ, ಆಸ್ತಿ ಪಾಲಾದರೆ ವಾಟ್ನಿ ಆಯಿತು ಎನ್ನುತ್ತಾರೆ. ಹಳೇ ಮೈಸೂರಿನವರು ನಮ್ಮದೇ ಎಂದುಕೊಂಡಿರುವ ‘ಪಹಣಿ’ಯೂ ಮರಾಠಿಯ ‘ಪಾಹಣಿ’ಯೇ. ಹೊಲಕ್ಕೆ ಹೋಗಿ ಕಣ್ಣಾರೆ ನೋಡಿ ಬರುವುದು ಎಂದು ಅದರ ಅರ್ಥ.

ಈ ಮೂಲವನ್ನು ಹೇಳಿದ್ದಕ್ಕೆ ಕಾರಣವಿದೆ. ನೋಂದಣಿ ಎಂಬ ಮಾತಿನೊಳಗೆ ಇರುವುದು ಬರೆದುಕೊಳ್ಳುವುದು, ಅಷ್ಟೇ. ಮಂಜೂರಾತಿ ಅದರೊಳಗಿಲ್ಲ, ಖಾತ್ರಿಯೂ ಇಲ್ಲ. ಆದರೆ ನಾವು ಬಳಸುವಾಗ ಅವೆಲ್ಲವನ್ನೂ ಅದಕ್ಕೆ ಸೇರಿಸಿಬಿಟ್ಟಿದ್ದೇವೆ. “ರಿಜಿಸ್ಟರ್ ಆಗಿದೆ, ಇನ್ನೇನು ಭಯ” ಎಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಿಮ್ಮಣ್ಣನೂ ಆ ಧೈರ್ಯದ ಮೇಲೇ ದುಡ್ಡು ಎಣಿಸಿ ಕೊಟ್ಟಿರುತ್ತಾರೆ. ಅವರನ್ನು ತಪ್ಪೆನ್ನಲಾರೆ. ಸರ್ಕಾರದ ಮುದ್ರೆ ಬಿದ್ದ ಕಾಗದದ ಮೇಲೆ ಜನ ನಂಬಿಕೆ ಇಡುವುದು ಸಹಜ. ಆದರೆ ಆ ಮುದ್ರೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಕೊಳ್ಳುವವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದು ನನಗೆ ನಿಜವಾಗಿ ಬೇಸರದ ವಿಷಯ.

ಬಳಕೆಯಲ್ಲಿ ‘ದಾಖಲು’ ಮತ್ತು ‘ನೋಂದಣಿ’ ಅಕ್ಕಪಕ್ಕದ ಮಾತುಗಳು. ಮಗುವನ್ನು ಶಾಲೆಗೆ ದಾಖಲು ಮಾಡುತ್ತೇವೆ, ಠಾಣೆಯಲ್ಲಿ ದೂರು ದಾಖಲಾಗುತ್ತದೆ, ಊರಲ್ಲಿ ಬಿದ್ದ ಮಳೆಯೂ ದಾಖಲಾಗುತ್ತದೆ. ಜನನ, ಮರಣ, ಮದುವೆ, ವಾಹನ, ಸಂಘ, ಪತ್ರ ಇವು ನೋಂದಣಿಯಾಗುತ್ತವೆ. ಈ ಎರಡನೆಯ ಗುಂಪಿನಲ್ಲಿ ಪ್ರತಿಯೊಂದಕ್ಕೂ ಒಂದು ಕಾಯ್ದೆ ಇರುತ್ತದೆ, ಆ ಕಾಯ್ದೆ ನೇಮಿಸಿದ ಒಬ್ಬ ಅಧಿಕಾರಿ ಇರುತ್ತಾರೆ, ಅವರ ಬಳಿ ಒಂದು ಪುಸ್ತಕ, ಆ ಪುಸ್ತಕದಲ್ಲಿ ನಿಮಗೊಂದು ಸಂಖ್ಯೆ. ಆದ್ದರಿಂದ ಯಾರಾದರೂ ‘ನೋಂದಣಿ ಆಗಿದೆ’ ಎಂದಾಗ ನಾವು ಕೇಳಬೇಕಾದದ್ದು: ಏನನ್ನು ಬರೆದುಕೊಂಡರು? ಯಾವ ಪುಸ್ತಕದಲ್ಲಿ?

ನಿಮ್ಮಣ್ಣನ ವಿಷಯದಲ್ಲಿ ಕೇಳೋಣ. ಸಬ್ ರಿಜಿಸ್ಟ್ರಾರ್ ಕಚೇರಿ ನಡೆಯುವುದು 1908ರ ನೋಂದಣಿ ಕಾಯ್ದೆಯ ಪ್ರಕಾರ. ಅಲ್ಲಿ ಸ್ಥಿರಾಸ್ತಿಯ ಕ್ರಯ, ದಾನ, ಭೋಗ್ಯ ಮುಂತಾದ ಪತ್ರಗಳು ಒಂದನೇ ಪುಸ್ತಕಕ್ಕೆ ಹೋಗುತ್ತವೆ, ಉಯಿಲುಗಳು ಮೂರನೇ ಪುಸ್ತಕಕ್ಕೆ. ಪತ್ರ ಹಾಜರಾದಾಗ ಅಧಿಕಾರಿ ನೋಡುವುದು ಇಷ್ಟು: ಬರೆದುಕೊಟ್ಟವರು ತಾವಾಗಿಯೇ ಎದುರಿಗೆ ಬಂದಿದ್ದಾರೆಯೆ, ಅವರು ಅವರೇ ಹೌದೆ, ಬರೆದುಕೊಟ್ಟದ್ದನ್ನು ಒಪ್ಪುತ್ತಾರೆಯೆ, ಮುದ್ರಾಂಕ ಶುಲ್ಕ ಸರಿಯಾಗಿ ಸಂದಿದೆಯೆ, ಪತ್ರ ಬರೆದ ನಾಲ್ಕು ತಿಂಗಳೊಳಗೆ ತಂದಿದ್ದಾರೆಯೆ, ಚಕ್ಕುಬಂದಿ ಓದಿದರೆ ಸ್ವತ್ತು ಯಾವುದೆಂದು ಗುರುತು ಸಿಗುತ್ತದೆಯೆ. ಫೋಟೊ ತೆಗೆದು, ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿಗಳ ಸಹಿ ಹಾಕಿಸಿ, ಪತ್ರದ ಪ್ರತಿಯನ್ನು ಪುಸ್ತಕಕ್ಕೆ ಸೇರಿಸಿ, ಸಂಖ್ಯೆ ಹಾಕಿ ಮೂಲಪತ್ರವನ್ನು ಹಿಂದಿರುಗಿಸುತ್ತಾರೆ.

ಮಾರುವವನಿಗೆ ಆ ಸ್ವತ್ತನ್ನು ಮಾರುವ ಹಕ್ಕು ಇದೆಯೆ ಎಂದು ತೀರ್ಮಾನಿಸುವುದು ಈ ಪಟ್ಟಿಯಲ್ಲಿಲ್ಲ. ಅದು ಅವರ ಕೆಲಸವೇ ಅಲ್ಲ. ತಮಿಳುನಾಡು ಒಮ್ಮೆ ಅದನ್ನು ಅವರ ಕೆಲಸ ಮಾಡಲು ಹೊರಟಿತ್ತು. ಮಾರುವವರು ಹಿಂದಿನ ಮೂಲಪತ್ರ ತೋರಿಸಿ ತಮ್ಮ ಹಕ್ಕನ್ನು ಸಾಬೀತು ಮಾಡದಿದ್ದರೆ ನೋಂದಣಿಗೆ ನಿರಾಕರಿಸಬಹುದೆಂದು ನಿಯಮ ಮಾಡಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದುಮಾಡಿತು. ಹಕ್ಕು ಯಾರದೆಂದು ವಿಚಾರಿಸುವ ಅಧಿಕಾರವನ್ನು 1908ರ ಕಾಯ್ದೆ ನೋಂದಣಿ ಅಧಿಕಾರಿಗೆ ಕೊಟ್ಟಿಲ್ಲ ಎಂಬುದು ಅದರ ಕಾರಣ. ಹಕ್ಕಿನ ತಕರಾರು ಸಿವಿಲ್ ಕೋರ್ಟಿನದು.

ಆದ್ದರಿಂದ ‘ಸೈಟು ರಿಜಿಸ್ಟರ್ ಆಯಿತು’ ಎಂದು ನಾವು ಹೇಳುತ್ತೇವಲ್ಲ, ಅದು ಸರಿಯಾದ ಮಾತಲ್ಲ. ರಿಜಿಸ್ಟರ್ ಆದದ್ದು ಪತ್ರ. ‘ಇಂಥವರು ಇಂಥವರಿಗೆ ಇಷ್ಟು ಹಣಕ್ಕೆ ಇಂಥ ಚಕ್ಕುಬಂದಿಯ ಸ್ವತ್ತನ್ನು ಬರೆದುಕೊಟ್ಟಿದ್ದೇವೆ ಎಂದು ಒಪ್ಪಿಕೊಂಡರು’ ಎಂಬ ಸಂಗತಿ ನೋಂದಣಿಯಾಗಿದೆ. ಬರೆದುಕೊಟ್ಟವರಿಗೆ ಎಷ್ಟು ಹಕ್ಕು ಇತ್ತೋ ಅಷ್ಟೇ ನಿಮ್ಮಣ್ಣನಿಗೆ ಬಂದಿದೆ. ಪೂರ್ತಿ ಇದ್ದರೆ ಪೂರ್ತಿ, ಅರ್ಧ ಇದ್ದರೆ ಅರ್ಧ.

ಎಲ್ಲ ದೇಶಗಳಲ್ಲೂ ಹೀಗಿಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸ್ ಎಂಬವರು 1858ರಲ್ಲಿ ತಂದ ಪದ್ಧತಿಯಲ್ಲಿ ನೋಂದಣಿಯಾಗುವುದು ಪತ್ರವಲ್ಲ, ಹಕ್ಕೇ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಯಜಮಾನರು. ಅದಕ್ಕೆ ಸರ್ಕಾರವೇ ಹೊಣೆ. ನಮ್ಮ ದೇಶದ ಜನ ನೋಂದಣಿ ಎಂಬ ಮಾತಿನಿಂದ ನಿರೀಕ್ಷಿಸುವುದು ಆ ಬಗೆಯ ಖಾತ್ರಿಯನ್ನು. ನಮ್ಮ ಕಾಯ್ದೆ ಕೊಡುವುದು ಬೇರೆ. ಈ ಅಂತರದ ನಡುವೆ ಎಷ್ಟೋ ಸಂಸಾರಗಳ ಜೀವಮಾನದ ಉಳಿತಾಯ ಸಿಕ್ಕಿಬಿದ್ದಿದೆ.

ಹಾಗಾದರೆ ನೋಂದಣಿಯೇ ದಂಡವೆ? ಖಂಡಿತ ಅಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ, 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದ ಆಗಬೇಕು ಎಂದಿತು. ಆ ಮೊತ್ತ ಇವತ್ತಿಗೂ ಬದಲಾಗಿಲ್ಲವಾದ್ದರಿಂದ ಈಗ ಅಂಗೈಯಗಲದ ನೆಲವನ್ನು ಮಾರಿದರೂ ನೋಂದಣಿ ಬೇಕೇ ಬೇಕು. ಛಾಪಾ ಕಾಗದದ ಮೇಲೆ ಅಗ್ರಿಮೆಂಟ್ ಬರೆಸಿ, ನೋಟರಿ ಮುದ್ರೆ ಹಾಕಿಸಿ, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ತೆಗೆದುಕೊಂಡು ‘ಸೈಟು ನಮ್ಮದಾಯಿತು’ ಎಂದು ಕುಳಿತವರು ಬೆಂಗಳೂರಿನ ಸುತ್ತಮುತ್ತ ಎಷ್ಟೋ ಮಂದಿ. ಜಿಪಿಎ ಮೂಲಕ ನಡೆದ ಇಂಥ ವ್ಯವಹಾರ ಮಾರಾಟವೇ ಅಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನೋಂದಣಿಯಿಂದ ಸಂಪೂರ್ಣ ಖಾತ್ರಿ ಸಿಗದಿರಬಹುದು; ನೋಂದಣಿಯಿಲ್ಲದಿದ್ದರೆ ಮಾರಾಟವೇ ಆದಂತಾಗುವುದಿಲ್ಲ.

ಇನ್ನೊಂದು ದೊಡ್ಡ ಪ್ರಯೋಜನವನ್ನು ಜನ ಸಾಕಷ್ಟು ಬಳಸಿಕೊಳ್ಳುತ್ತಿಲ್ಲ. ಒಂದನೇ ಪುಸ್ತಕ ಗುಟ್ಟಿನದಲ್ಲ. ಶುಲ್ಕ ಕಟ್ಟಿದ ಯಾರು ಬೇಕಾದರೂ ಅದನ್ನು ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ಊರ ಹಿರಿಯರು ‘ಇಸಿ ತೆಗೆಸು’ ಎನ್ನುವುದು ಇದನ್ನೇ. ಇಸಿ ಅಥವಾ ಋಣಭಾರ ಪತ್ರ ಎಂದರೆ ಒಂದು ಸ್ವತ್ತಿನ ಮೇಲೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಪುಸ್ತಕದಲ್ಲಿ ಏನೇನು ಬರೆದಿದೆ ಎಂಬ ಪಟ್ಟಿ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಬೇರೆಯವರು ಸದ್ದಿಲ್ಲದೆ ಅದೇ ಸೈಟನ್ನು ಮೊದಲೇ ಕೊಂಡಿದ್ದರೆ, ಬ್ಯಾಂಕಿಗೆ ನೋಂದಾಯಿತ ಅಡಮಾನ ಮಾಡಿದ್ದರೆ ಇದರಲ್ಲಿ ಹೊರಬೀಳುತ್ತದೆ. ಬಾಯಿಮಾತಿನಲ್ಲಿ ಆದ ಪಾಲು, ನೋಂದಣಿಯಾಗದ ಉಯಿಲು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಇದರಲ್ಲಿ ಕಾಣುವುದಿಲ್ಲ. ಅವು ಈ ಪುಸ್ತಕಕ್ಕೆ ಬಂದೇ ಇಲ್ಲ.

ಎಲ್ಲರಿಗೂ ತಿಳಿಯುವಂತೆ ಬರೆದಿಡುವ ಈ ಆಸೆ ನಮ್ಮಲ್ಲಿ ಬ್ರಿಟಿಷರೊಡನೆ ಹುಟ್ಟಿದ್ದಲ್ಲ. ದೇವಸ್ಥಾನದ ಮುಂದೆ, ಕೆರೆಯ ಏರಿಯ ಮೇಲೆ ನಿಂತಿರುವ ದಾನಶಾಸನಗಳನ್ನು ನೋಡಿ. ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಮೂಡಣ ಎಲ್ಲೆ ಯಾವುದು, ಪಡುವಣ ಎಲ್ಲೆ ಯಾವುದು, ಸಾಕ್ಷಿ ಯಾರು, ಬರೆದ ಸೇನಬೋವ ಯಾರು ಎಂದು ಕೆತ್ತಿರುತ್ತಾರೆ. ಈಗಿನ ಕ್ರಯಪತ್ರದ ಚಕ್ಕುಬಂದಿ, ಸಾಕ್ಷಿ, ಪತ್ರ ಬರಹಗಾರರ ರುಜು ಎಲ್ಲವೂ ಅಲ್ಲಿವೆ. ಕೊನೆಯಲ್ಲಿ, ಈ ದಾನವನ್ನು ಕೆಡಿಸಿದವನಿಗೆ ಪಾಪ ತಟ್ಟಲಿ ಎಂಬ ಶಾಪವೂ ಇರುತ್ತದೆ. ಬರೆದ ಮಾತ್ರಕ್ಕೆ ತಕರಾರು ನಿಲ್ಲುವುದಿಲ್ಲ ಎಂದು ಆಗಿನವರಿಗೂ ಗೊತ್ತಿತ್ತು.

ಈಗ ಇನ್ನೊಂದು ಗೋಜಲನ್ನು ಬಿಡಿಸಬೇಕು. ‘ರಿಜಿಸ್ಟರೂ ಆಗಿದೆ, ಖಾತೆಯೂ ಆಗಿದೆ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇವು ಎರಡು ಬೇರೆ ಪುಸ್ತಕಗಳು. ಖಾತೆ ನಗರಸಭೆಯದು ಅಥವಾ ಪಂಚಾಯಿತಿಯದು: ಈ ಸ್ವತ್ತಿನ ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು ಎಂಬ ಲೆಕ್ಕ. ಪಹಣಿ ಕಂದಾಯ ಇಲಾಖೆಯದು. ಹೊಲ ಕೊಂಡರೆ ನೋಂದಣಿ ಕಚೇರಿಯಿಂದ ತಾಲೂಕು ಕಚೇರಿಗೆ ಜೆ ಸ್ಲಿಪ್ ಎಂಬ ಸೂಚನೆ ಹೋಗುತ್ತದೆ, ಅಲ್ಲಿ ತಕರಾರಿಗೆ ಕಾಲಾವಕಾಶ ಕೊಟ್ಟು, ಆಮೇಲೆ ಮ್ಯುಟೇಶನ್ ಮಾಡಿ ಹೆಸರು ಕೂರಿಸುತ್ತಾರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಪಹಣಿಯಲ್ಲಿ ಬರೆದದ್ದನ್ನು ನಿಜವೆಂದು ಇಟ್ಟುಕೊಳ್ಳಬೇಕು, ಆದರೆ ಅದು ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ. ಖಾತೆಯಾಗಲಿ ಪಹಣಿಯಾಗಲಿ ತಾವಾಗಿ ಹಕ್ಕನ್ನು ಹುಟ್ಟಿಸುವುದಿಲ್ಲ.

ಕರ್ನಾಟಕದಲ್ಲಿ ಈಚೆಗೆ ಈ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿದ್ದಾರೆ. ಭೂಮಿ ಯೋಜನೆಯ ಪಹಣಿ, ಪಂಚಾಯಿತಿಯ ಇ-ಸ್ವತ್ತು, ನಗರಗಳ ಇ-ಖಾತೆ ಇವುಗಳೊಂದಿಗೆ ತಾಳೆಯಾಗದಿದ್ದರೆ ನೋಂದಣಿ ಕಚೇರಿಯ ಕಾವೇರಿ ತಂತ್ರಾಂಶದಲ್ಲಿ ಪತ್ರ ಮುಂದಕ್ಕೆ ಹೋಗುವುದಿಲ್ಲ. ಸರ್ವೆ ನಂಬರಿನ ಒಂದು ತುಂಡನ್ನು ಮಾರಲು 11ಇ ನಕ್ಷೆ ಬೇಕು. ಇದು ಒಳ್ಳೆಯ ಕೆಲಸ. ಯಾರದೋ ಜಮೀನನ್ನು ಯಾರೋ ಬಂದು ಬರೆದುಕೊಡುವ ಹಸಿ ಮೋಸಕ್ಕೆ ಇದರಿಂದ ತಡೆ ಬಿದ್ದಿದೆ. ಆದರೆ ನಿಮ್ಮಣ್ಣನಿಗೆ ಬಂದ ತೊಂದರೆಗೆ ಇದು ಮದ್ದಲ್ಲ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳ ಹೆಸರನ್ನಷ್ಟೇ ಬರೆಸುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಗಳ ಹೆಸರು ಯಾವ ಪುಸ್ತಕಕ್ಕೂ ಬರುವುದಿಲ್ಲ. ಪುಸ್ತಕದಲ್ಲಿ ಹೆಸರಿಲ್ಲ ಎಂದರೆ ಹಕ್ಕಿಲ್ಲ ಎಂದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುವ ಮನೆಯಲ್ಲಿ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ 1956ರಿಂದಲೇ ಸಮಪಾಲು ಇದೆ. ಒಟ್ಟು ಕುಟುಂಬದ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು 2005ರ ತಿದ್ದುಪಡಿಯಿಂದ ಬಂದಿದೆ. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆದ ಮಾರಾಟಗಳನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ನಿಮ್ಮಣ್ಣನ ಕ್ರಯ ಅದಕ್ಕಿಂತ ಈಚಿನದೆಂದು ನಿಮ್ಮ ಮಾತಿನಿಂದ ತೋರುತ್ತದೆ. ಆದ್ದರಿಂದ ಆ ಹೆಣ್ಣುಮಗಳು ದಾವೆ ಹೂಡಿದ್ದರಲ್ಲಿ ಅನ್ಯಾಯವೇನೂ ಇಲ್ಲ ಎಂಬುದನ್ನು ನಿಮ್ಮ ಮನೆಯವರು ಮೊದಲು ಒಪ್ಪಿಕೊಳ್ಳಬೇಕು. ತನ್ನ ಪಾಲನ್ನು ಕೇಳುವುದು ನಿಮ್ಮಣ್ಣನ ಮೇಲಿನ ಹಗೆಯಲ್ಲ.

ನೋಂದಣಿ ಎಂಬ ಒಂದೇ ಮಾತು ಬೇರೆ ಬೇರೆ ಕಡೆ ಬೇರೆ ತೂಕ ಪಡೆಯುವುದನ್ನು ಮದುವೆಯಲ್ಲಿ ಚೆನ್ನಾಗಿ ನೋಡಬಹುದು. ‘ರಿಜಿಸ್ಟರ್ ಮದುವೆ’ ಎಂದು ನಾವು ಕರೆಯುವುದರಲ್ಲಿ ಎರಡು ಬಗೆ ಕಲಸಿಹೋಗಿವೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸು ಕಳೆದ ಮೇಲೆ, ಮೂವರು ಸಾಕ್ಷಿಗಳ ಮುಂದೆ, ವಿವಾಹಾಧಿಕಾರಿಯ ಎದುರು ಒಬ್ಬರನ್ನೊಬ್ಬರು ಒಪ್ಪಿಕೊಂಡಾಗ ಮದುವೆ ಅಲ್ಲಿಯೇ ಆಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಹಾಗಲ್ಲ. ಮದುವೆ ಆಗುವುದು ಮಂಟಪದಲ್ಲಿ. ಕಚೇರಿಯಲ್ಲಿ ಆಗುವುದು, ಆದ ಮದುವೆಯನ್ನು ಬರೆದುಕೊಳ್ಳುವುದು. ಬರೆಸದಿದ್ದರೂ ಮದುವೆ ಊರ್ಜಿತವೇ. ಇದರ ಇನ್ನೊಂದು ಮಗ್ಗುಲನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಶಾಸ್ತ್ರವೇ ನಡೆಯದೆ ಬರೀ ಪ್ರಮಾಣಪತ್ರ ಮಾಡಿಸಿಕೊಂಡರೆ ಮದುವೆ ಆದಂತಲ್ಲ. ವೀಸಾಕ್ಕೋ ಇನ್ನಾವುದಕ್ಕೋ ಅವಸರವೆಂದು ಮುಹೂರ್ತಕ್ಕೆ ಮೊದಲೇ ‘ರಿಜಿಸ್ಟರ್ ಮಾಡಿಸಿಬಿಡೋಣ’ ಎನ್ನುವ ಮನೆಗಳು ಈ ಮಾತನ್ನು ಗಮನಿಸಬೇಕು. ಕ್ರಯಪತ್ರಕ್ಕೂ ಇದಕ್ಕೂ ಒಳಗಿನ ತತ್ವ ಒಂದೇ. ಇಲ್ಲದಿದ್ದುದನ್ನು ಬರೆದುಕೊಂಡ ಮಾತ್ರಕ್ಕೆ ಅದು ಇದ್ದಂತಾಗುವುದಿಲ್ಲ.

ಜನನದ ವಿಷಯದಲ್ಲಿ ಪುಸ್ತಕದ ಬಲ ಈಗ ಬಹಳ ಹೆಚ್ಚಿದೆ. 1969ರ ಕಾಯ್ದೆಯಂತೆ 21 ದಿನದೊಳಗೆ ತಿಳಿಸಬೇಕು; ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಸರ್ಕಾರಿ ಕೆಲಸ ಎಲ್ಲಕ್ಕೂ ಹುಟ್ಟಿದ ದಿನಕ್ಕೆ ಆಧಾರ ಜನನ ಪ್ರಮಾಣಪತ್ರವೇ. ಹೆಸರಿಡುವುದು ತಡವಾದರೂ ನೋಂದಣಿಗೆ ಕಾಯಬೇಡಿ. ಹೆಸರನ್ನು ಆಮೇಲೆ ಸೇರಿಸಬಹುದು.

ವಾಹನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮೋಟಾರು ವಾಹನ ಕಾಯ್ದೆ ‘ಮಾಲೀಕ’ ಎಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರು ಎಂದೇ ಹೇಳುತ್ತದೆ. ಗಾಡಿಯನ್ನು ಮಾರಿ, ಹಣ ಪಡೆದು, ಆರ್‌ಸಿ ಬದಲಾಯಿಸದೆ ಬಿಟ್ಟವರು ಬಹಳ ಜನ. ಕೊಂಡವನು ಅದರಿಂದ ಅಪಘಾತ ಮಾಡಿದರೆ ಪರಿಹಾರದ ಹೊಣೆ ಹಳೆಯ ಮಾಲೀಕರ ತಲೆಗೇ ಬರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಹಾಗೆಯೇ ತೀರ್ಪು ಕೊಟ್ಟಿದೆ. ಅದೇ ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಇನ್ನು ನಿಮ್ಮಣ್ಣನ ಸಂಗತಿ. ನೋಂದಾಯಿತ ಪತ್ರ ಇರುವುದರಿಂದ ಅವರು ಬರಿಗೈಯಲ್ಲಿ ನಿಂತಿಲ್ಲ. ದಾವೆಯಲ್ಲಿ ಅವರನ್ನೂ ಪ್ರತಿವಾದಿಯಾಗಿ ಮಾಡಿದ್ದಾರೆಯೆ ನೋಡಿ. ಮಾಡಿರದಿದ್ದರೆ ತಾವಾಗಿಯೇ ಸೇರಿಸಿಕೊಳ್ಳುವಂತೆ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಲಿ. ನೋಟಿಸು ಬಂದಿದ್ದರೆ ಸುಮ್ಮನಿರಬೇಡಿ. ಆ ಕುಟುಂಬಕ್ಕೆ ಈ ಸೈಟಲ್ಲದೆ ಬೇರೆ ಆಸ್ತಿಯೂ ಇದೆಯೆ ಎಂದು ವಿಚಾರಿಸಿ, ಇದ್ದರೆ ಅವುಗಳ ಪಹಣಿ, ಖಾತೆಯ ನಕಲು, ಇಸಿ ಎಲ್ಲವನ್ನೂ ತೆಗೆಸಿ ವಕೀಲರಿಗೆ ಕೊಡಿ. ಇದು ಬಹಳ ಮುಖ್ಯ. ಪಾಲಿನ ದಾವೆಯಲ್ಲಿ ಕೋರ್ಟು ಎಲ್ಲ ಆಸ್ತಿಯನ್ನೂ ಒಟ್ಟಿಗೆ ನೋಡಿ ಭಾಗ ಮಾಡುತ್ತದೆ. ಆಗ ಮಾರಿದವರ ಪಾಲಿಗೆ ಈ ಸೈಟನ್ನೇ ಹಾಕಿ, ಅವರ ತಂಗಿಗೆ ಬೇರೆ ಆಸ್ತಿಯಲ್ಲಿ ಸರಿದೂಗಿಸಿಕೊಡಿ ಎಂದು ಕೊಂಡವರು ಕೇಳಿಕೊಳ್ಳಬಹುದು. ಸಾಧ್ಯವಿರುವ ಕಡೆ ಕೋರ್ಟುಗಳು ಹಾಗೆ ಮಾಡಿಕೊಟ್ಟಿವೆ. ಇರುವುದು ಇದೊಂದೇ ಸೈಟು ಎಂದಾದರೆ ತಂಗಿಯ ಜೊತೆ ನೇರವಾಗಿ ಕುಳಿತು ಮಾತಾಡಿ, ಅವರ ಪಾಲಿನ ಬೆಲೆ ಕೊಟ್ಟು ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವುದು ವರ್ಷಗಟ್ಟಲೆ ಅಲೆಯುವುದಕ್ಕಿಂತ ಹಗುರ. ಆ ಪತ್ರವನ್ನೂ ನೋಂದಣಿ ಮಾಡಿಸಬೇಕು. ಹಾಗೆ ತೆತ್ತ ಹಣವನ್ನು ಮಾರಿದವರಿಂದ ವಸೂಲು ಮಾಡುವ ದಾರಿಯೂ ಇದೆ: ಮಾರುವವನು ತನಗೆ ಮಾರುವ ಅಧಿಕಾರ ಇದೆ ಎಂದು ಮಾತು ಕೊಟ್ಟಂತೆಯೇ ಸರಿ ಎಂದು 1882ರ ಕಾಯ್ದೆಯ 55ನೇ ಕಲಮು ಹೇಳುತ್ತದೆ, ನಿಮ್ಮ ಕ್ರಯಪತ್ರದ ಕೊನೆಯ ಪುಟಗಳಲ್ಲಿ ‘ಮುಂದೆ ಯಾವ ತಂಟೆ ತಕರಾರು ಬಂದರೂ ನಾವೇ ಪರಿಹರಿಸಿಕೊಡುತ್ತೇವೆ’ ಎಂಬ ಸಾಲು ಇದ್ದರೆ ಅದೂ ಕೆಲಸಕ್ಕೆ ಬರುತ್ತದೆ. ಪತ್ರವನ್ನು ಇವತ್ತೇ ತೆಗೆದು ಆ ಸಾಲು ಇದೆಯೆ ಎಂದು ಓದಿ ನೋಡಲು ನಿಮ್ಮಣ್ಣನಿಗೆ ಹೇಳಿ.